ಮೂರು ಮುದ್ರೆಯ ವಲ್ಲಿ

ಬಹಳ ಹಿಂದೆ, ಹುಲಿಗಳು ಇನ್ನೂ ಮಾತು ಮರೆತಿರದ ಕಾಲದಲ್ಲಿ, ಪೊನ್ನಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಮೂರು ಕಾಡುಗಳಿದ್ದವು. ಅವುಗಳೊಳಗೆ ಯಾರೂ ಕೊಡಲಿ ಎತ್ತುವಂತಿರಲಿಲ್ಲ, ಬಾಣ ಹೂಡುವಂತಿರಲಿಲ್ಲ. ರಾಜನಿಗೂ ವಿನಾಯಿತಿ ಇರಲಿಲ್ಲ. ಒಬ್ಬ ರಾಜ ಮರೆತು ಒಂದು ಮೊಲಕ್ಕೆ ಗುರಿಯಿಟ್ಟು, ಆಮೇಲೆ ಬದುಕಿರುವ ತನಕ ಮೊಲಗಳ ಕೈಯಲ್ಲಿ ಬೈಸಿಕೊಂಡನಂತೆ.

ಪ್ರತಿ ಕಾಡಿಗೂ ಒಬ್ಬ ಪಾಲಕನಿದ್ದ. ಕಾಡು ನೋಡಲು ಬಂದವರನ್ನು ಜೊತೆಗೆ ಕರೆದುಕೊಂಡು ಸುತ್ತಾಡಿಸುವುದು, ಮರ ಯಾವುದು ಹಕ್ಕಿ ಯಾವುದು ಹೇಳಿಕೊಡುವುದು, ಕೊನೆಗೆ ಅವರು ಹೆಗಲ ಮೇಲೆ ಹೊದ್ದ ಬಿಳಿ ವಲ್ಲಿಗೆ ಆ ಕಾಡಿನ ಮುದ್ರೆ ಒತ್ತಿ ಕಳಿಸುವುದು ಅವನ ಕೆಲಸ. ಈ ಕಾಡನ್ನು ನೀನು ನೋಡಿದ್ದೀಯ, ಕಾಡೂ ನಿನ್ನನ್ನು ನೋಡಿದೆ, ಇಬ್ಬರೂ ಮರೆಯಬೇಡಿ ಅನ್ನುವುದಕ್ಕೆ ಆ ಮುದ್ರೆ. ಬರಬರುತ್ತ ಜನಕ್ಕೆ ಮುದ್ರೆಯ ಹುಚ್ಚು ಹತ್ತಿತು, ಕಾಡಿನದು ಬಿಟ್ಟಿತು. ಬಂದರು, ಒತ್ತಿಸಿಕೊಂಡರು, ಹೊರಟರು. ಮದುವೆಮನೆಗಳಲ್ಲಿ ವಲ್ಲಿ ಬಿಡಿಸಿ ತೋರಿಸಿ ಜಂಬ ಕೊಚ್ಚಿದರು.

ರಾಜಧಾನಿಯ ಬಣ್ಣಗಾರರ ಕೇರಿಯಲ್ಲಿ ದೇವಾಜಿ, ನಿಂಗಾಜಿ ಅಂತ ಅಕ್ಕತಂಗಿಯರಿದ್ದರು. ಅಪ್ಪ ಅಮ್ಮ ಇರಲಿಲ್ಲ. ಬಟ್ಟೆಗೆ ನೀಲಿ ಹಾಕಿ ಜೀವನ ಮಾಡುತ್ತಿದ್ದರು. ಇಬ್ಬರಿಗೂ ಸೇರಿ ಅಮ್ಮನದೊಂದೇ ವಲ್ಲಿ, ಅದರ ಮೇಲೆ ಅಮ್ಮ ಒತ್ತಿಸಿಕೊಂಡಿದ್ದ ಎರಡು ಕಾಡಿನ ಮುದ್ರೆ. ಮೂರನೆಯ ಕಾಡಾದ ಕಡೆಗಾಡಿಗೆ ಹೊರಡುವ ದಿನ, ವಲ್ಲಿ ಯಾರು ಹೊದೆಯಬೇಕು ಅಂತ ಜಗಳ ಹತ್ತಿತು. ಮಾತಿಗೆ ಮಾತು ಬೆಳೆಯಿತು. ದೇವಾಜಿ ವಲ್ಲಿಯನ್ನು ತಂಗಿಯ ಮುಖಕ್ಕೆ ಎಸೆದಳು.

"ನೀನೇ ಇಟ್ಕೊ. ನಾನು ಹೋಗ್ತೀನಿ."

ಪೊನ್ನಾವತಿಯಲ್ಲೂ ನಮ್ಮಲ್ಲಿಯ ಹಾಗೇ, ಹೊಸ್ತಿಲು ದಾಟುವವರು ಬರೀ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು. ಬಾಯಿತಪ್ಪಿ ಅಂದರೂ ಒಳಗಿರುವವರು 'ಹೋಗಿ ಬಾ' ಅಂತ ತಿದ್ದಬೇಕು. ನಿಂಗಾಜಿ ತಿದ್ದಲಿಲ್ಲ.

"ಹೋಗು. ಯಾರು ಬೇಡ ಅಂದ್ರು," ಅಂದಳು.

ದೇವಾಜಿ ಹೋದಳು, ಬರಲಿಲ್ಲ. ಆ ಸಂಜೆಯೇ ವಲ್ಲಿಯ ಎರಡು ಮುದ್ರೆಗಳೂ ಅಳಿಸಿಹೋಗಿ ಬಟ್ಟೆ ಬೋಳಾಯಿತು. ಅಕ್ಕತಂಗಿಯರು ಕಟ್ಟುಕತೆ ಅಂತ ತಳ್ಳಿಹಾಕಿದ್ದ ಸಮಾಚಾರವನ್ನೇ ಊರವರು ಬಂದು ಮತ್ತೆ ಹೇಳಿದರು. ಕಡೆಗಾಡನ್ನು ಒಬ್ಬ ಮಾಂತ್ರಿಕ ಹಿಡಿದುಕೊಂಡಿದ್ದಾನೆ, ಅವನಿಗೆ ತಡೆಗಾರ ಅಂತ ಹೆಸರು. 'ಹೋಗ್ತೀನಿ' ಅಂತ ಮನೆಬಿಟ್ಟು ಬಂದವರು ಆ ಕಾಡಿಗೆ ಕಾಲಿಟ್ಟರೆ ಜಿಂಕೆಯಾಗುತ್ತಾರೆ. ಬೇರೆ ಎರಡು ಕಾಡಿನ ಮುದ್ರೆ ಹೊದ್ದವರಿಗೆ ಮಾತ್ರ ಅವನ ಮಾಯೆ ತಟ್ಟುವುದಿಲ್ಲ. ಹಾಗಂತಲೇ ಅವನು ಆ ಎರಡು ಕಾಡುಗಳಲ್ಲೂ ಒಂದೊಂದು ಪ್ರಾಣಿಗೆ ಮಂತ್ರ ಹಾಕಿ, ಮುದ್ರೆಗೆ ಬಂದವರ ಮೇಲೆ ಬಿಟ್ಟಿದ್ದಾನೆ.

ಅಂದಿನಿಂದ ನಿಂಗಾಜಿಯ ಮನೆ ಬಿಕೋ ಅನ್ನತೊಡಗಿತು. ಒಂದು ತಟ್ಟೆ, ಒಂದು ಚಾಪೆ. ಮಾತಾಡಿಸಿದರೆ ನೀಲಿಯ ಬಾನಿ ಮಾತ್ರ ಗುಳುಗುಳು ಅನ್ನುತ್ತಿತ್ತು. ಕೊನೆಗೊಂದು ದಿನ ಅವಳು ಬೋಳು ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ನಿಂತಾಗ ಅಭ್ಯಾಸಬಲದಿಂದ ಮಾತು ಗಂಟಲ ತನಕ ಬಂತು. ಹೇಳುವುದಕ್ಕೆ ಒಳಗೆ ಯಾರೂ ಇರಲಿಲ್ಲ. ಸುಮ್ಮನೆ ಅಗಳಿ ಹಾಕಿಕೊಂಡು ನಡೆದಳು.

ಮೊದಲನೆಯದು ಬಿದಿರುಗಾಡು. ಅಲ್ಲಿಯ ಪಾಲಕ ಕರಿಯಜ್ಜ. ತಡೆಗಾರನ ಭಯಕ್ಕೆ ಜನ ಬರುವುದು ನಿಂತು, ಅಜ್ಜನ ಹೊಟ್ಟೆಯಲ್ಲಿ ವರ್ಷಗಟ್ಟಲೆಯ ಮಾತು ಕೂಡಿಬಿದ್ದಿತ್ತು. ನಿಂಗಾಜಿಯನ್ನು ಕಂಡು ಅವನ ಮುಖ ಊರಗಲವಾಯಿತು.

"ನನ್ನ ಜೊತೆ ಕಾಡು ಸುತ್ತಬೇಕು ಮಗಳೆ. ಹಿಂದೆ ಒಂದು ಹುಲಿ ಬರ್ತದೆ. ನಾನು ಮಾತಾಡೋವಾಗ ಯಾರಾದ್ರೂ ಆಕಳಿಸಿದ್ರೆ ತಿಂದುಬಿಡ್ತದೆ. ಅದು ಬಿಟ್ರೆ ಇನ್ನೇನೂ ಭಯ ಇಲ್ಲ."

ಅಜ್ಜ ಶುರುಮಾಡಿದ. ಗೆದ್ದಲಿನ ವಿಷಯ ಹೇಳಿದ, ಗೆದ್ದಲು ತಿನ್ನುವ ಕರಡಿಯ ವಿಷಯ ಹೇಳಿದ, ಆ ಕರಡಿಯ ಅತ್ತೆಯ ವಿಷಯ ಹೇಳಿದ. ಬಿಸಿಲು ಏರಿತು. ಹಿಂದಿನಿಂದ ಹುಲಿ ಮೆಲ್ಲಗೆ ಉಸುರಿತು.

"ಒಂದೇ ಒಂದು ಸಲ ಆಕಳಿಸು ತಾಯಿ. ನಂಗೂ ಕೇಳಿ ಕೇಳಿ ಸಾಕಾಗಿದೆ, ಹೊಟ್ಟೆ ಬೇರೆ ಹಸೀತಿದೆ."

ಆಕಳಿಕೆ ನಿಂಗಾಜಿಯ ದವಡೆಯ ಮೂಲಕ್ಕೆ ಬಂದೇಬಿಟ್ಟಿತ್ತು. ಅದನ್ನು ನುಂಗುವುದಕ್ಕೆ ಅವಳು ಬಾಯಿಗೆ ಬಂದದ್ದು ಕೇಳಿದಳು.

"ಅಜ್ಜ, ಬಿದಿರು ಹೂ ಬಿಟ್ರೆ ಸಾಯ್ತದೆ ಅಂತಾರಲ್ಲ, ನಿಜವಾ?"

ಕರಿಯಜ್ಜ ನಿಂತ. ಇಷ್ಟು ಹೊತ್ತು ಓಡುತ್ತಿದ್ದ ಅವನ ಮಾತು ನಿಧಾನವಾಯಿತು. "ನಿಜ ಮಗಳೆ. ಆದ್ರೆ ಎಲ್ಲಾ ಒಟ್ಟಿಗೇ ಹೂ ಬಿಡ್ತವೆ, ಒಟ್ಟಿಗೇ ಹೋಗ್ತವೆ. ಒಂದನ್ನ ಒಂದು ಒಂಟಿ ಬಿಟ್ಟು ಹೋಗಲ್ಲ. ಮನುಷ್ಯರ ಹಾಗಲ್ಲ ಅವು."

ಆಮೇಲೆ ನಿಂಗಾಜಿಗೆ ಆಕಳಿಕೆ ಬರಲಿಲ್ಲ. ಒಂದಾದ ಮೇಲೊಂದು ಪ್ರಶ್ನೆ ಕೇಳಿದಳು, ಅಜ್ಜ ಒಂದಾದ ಮೇಲೊಂದು ಉತ್ತರ ಕೊಟ್ಟ, ಹುಲಿ ಬೇಸತ್ತು ಬಿದಿರುಮೆಳೆಯಲ್ಲಿ ಮಲಗಿಬಿಟ್ಟಿತು. ಸಂಜೆ ಅಜ್ಜ ಅವಳ ವಲ್ಲಿಗೆ ಹಸಿರು ಎಲೆಯ ಮುದ್ರೆ ಒತ್ತಿ, "ಹೋಗಿ ಬಾ," ಅಂದ. ಅವಳು ಮುದ್ರೆ ನೋಡುತ್ತಲೇ "ಹೂಂ" ಅಂದಳು. ಅಜ್ಜ ತಿರುವಿನ ತನಕ ಜೊತೆಗೆ ಬಂದು, ಅಲ್ಲಿ ತುಂಬಾ ಹೊತ್ತು ನಿಂತೇ ಇದ್ದ.

ಎರಡನೆಯದು ನೀರುಗಾಡು. ಅಲ್ಲಿಯ ಪಾಲಕಿ ಸಾಕವ್ವ. ಕರಿಯಜ್ಜನದು ಅತಿ ಮಾತಾದರೆ ಇವಳದು ಮಾತೇ ಇಲ್ಲ. ಒಂಟಿಯಾಗಿದ್ದು ಇದ್ದು ಮಾತೆಲ್ಲ ಒಣಗಿಹೋಗಿತ್ತು. ನಿಂಗಾಜಿಯನ್ನು ಕೆರೆಯ ದಡದಲ್ಲಿ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆಮೇಲೆ ದಡದುದ್ದಕ್ಕೂ ಬೆಳೆದ ಜೊಂಡಿನ ಕಡೆ ಕೈ ಮಾಡಿದಳು. ಆ ಜೊಂಡೆಲ್ಲ ಒಂದು ಕಾಲದಲ್ಲಿ ಮನುಷ್ಯರು, ಇಲ್ಲಿ ಕೂತು ಬಾಯಿಬಿಟ್ಟವರು.

ಒಂದು ಬಿಳಿ ಕೊಕ್ಕರೆ ಬಂದು ನಿಂಗಾಜಿಯ ಎದುರು ಒಂಟಿಕಾಲಲ್ಲಿ ನಿಂತಿತು. ಕೊಕ್ಕು ತೆರೆಯಿತು. ಬಂದದ್ದು ನಿಂಗಾಜಿಯದೇ ದನಿ.

"ಹೋಗು. ಯಾರು ಬೇಡ ಅಂದ್ರು."

ಕೊಕ್ಕರೆ ಮತ್ತೆ ಅದನ್ನೇ ಅಂದಿತು. ಅವಳ ಬಾಯಿಯ ತುಂಬ ಸಮಜಾಯಿಷಿಗಳು ತುಂಬಿಕೊಂಡವು. ಸಿಟ್ಟಿನಲ್ಲಿ ಅಂದದ್ದು, ಅವಳೇ ಮೊದಲು ಎಸೆದದ್ದು, ನಾನೇನು ಬೇಕಂತ ಅಂದೆನಾ, ಎಲ್ಲರ ಮನೆಯಲ್ಲೂ ಆಗುವುದೇ. ಒಂದನ್ನೂ ಅವಳು ಆಡಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಹೌದು, ನಾನು ಅಂದೆ, ಅಂತ ಮನಸ್ಸಿನಲ್ಲೇ ಒಪ್ಪಿಕೊಂಡಳು. ಆಗ ಕೊಕ್ಕರೆ ದನಿ ಕಳೆದುಕೊಂಡು ಬರೀ ಕೊಕ್ಕರೆಯಾಯಿತು, ಮೀನು ಹುಡುಕಿಕೊಂಡು ಹೋಯಿತು.

ಸಾಕವ್ವ ನೀಲಿ ಅಲೆಯ ಮುದ್ರೆ ಒತ್ತಿದಳು. ಬಹಳ ಕಷ್ಟಪಟ್ಟು, ತುಕ್ಕುಹಿಡಿದ ಬಾಗಿಲು ತೆರೆದ ಹಾಗೆ, "ಹೋಗಿ ಬಾ," ಅಂದಳು. ನಿಂಗಾಜಿ ತಲೆ ಆಡಿಸಿ ನಡೆದಳು.

ಮೂರನೆಯದು ಕಡೆಗಾಡು. ಮುಳ್ಳಿನ ಬೇಲಿ ಅವಳ ಎರಡು ಮುದ್ರೆಗಳನ್ನು ಕಂಡು ಸರಿದು ದಾರಿ ಬಿಟ್ಟಿತು. ಒಳಗೆ ಎಲ್ಲಿ ನೋಡಿದರೂ ಜಿಂಕೆಗಳು, ಎಲ್ಲವೂ ಬೇಲಿಯ ಕಡೆಗೇ ಮುಖಮಾಡಿ ನಿಂತಿದ್ದವು. ನಡುವೆ ಒಂದು ಮತ್ತಿಮರ. ಮರದಡಿಯ ಚಪ್ಪಡಿ ಕಲ್ಲಿನ ಮೇಲೆ ಗಡ್ಡ ಬಿಟ್ಟ ಒಬ್ಬ ಮುದುಕ. ಪಕ್ಕದಲ್ಲಿ ಮರದ ಮುದ್ರೆಯಚ್ಚು, ಕೆಂಪು ಬಣ್ಣದ ಕುಡಿಕೆ.

"ಮುದ್ರೆ ಬೇಕು ತಾನೆ?" ತಡೆಗಾರ ತಲೆಯೆತ್ತದೆ ಕೇಳಿದ. "ಕೊಡು ಇತ್ಲಾಗೆ. ಎಲ್ಲಾರೂ ಅದಕ್ಕೇ ಬರೋದು."

ಕೆಂಪು ಗೊರಸಿನ ಮುದ್ರೆ ಒತ್ತಿಯೂಬಿಟ್ಟ. ಇಲ್ಲಿ ಹುಲಿಯಿಲ್ಲ, ಕೊಕ್ಕರೆಯಿಲ್ಲ. ಇಷ್ಟು ಸಲೀಸಾಗಿ ಸಿಕ್ಕಿದ್ದಕ್ಕೆ ನಿಂಗಾಜಿಗೆ ಭಯವಾಯಿತು.

"ನಂಗೆ ಮುದ್ರೆ ಬೇಡ. ನಮ್ಮಕ್ಕ ಬೇಕು."

ಜಿಂಕೆಗಳ ನಡುವೆ ಒಂದರ ಕಿವಿಯ ತುದಿಯಲ್ಲಿ ನೀಲಿ ಇತ್ತು. ಬಾನಿಗೆ ಬಗ್ಗಿದಾಗೆಲ್ಲ ದೇವಾಜಿಯ ಕಿವಿಗೆ ತಾಗುತ್ತಿದ್ದ ನೀಲಿ ಅದು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನಿಂಗಾಜಿ ಓಡಿಹೋಗಿ ಕುತ್ತಿಗೆ ತಬ್ಬಿಕೊಂಡಳು. ಜಿಂಕೆ ಅವಳ ಅಂಗೈ ನೆಕ್ಕಿತು.

"ಇವರನ್ನೆಲ್ಲ ಯಾಕೆ ತಡೆದಿಟ್ಟಿದ್ದೀಯ?" ಅಂತ ಕೇಳಿದಳು.

"ನಾನು ಈ ಕಾಡಿನ ಪಾಲಕ. ಮಂಚಯ್ಯ ಅಂತ ನನ್ನ ಹೆಸರು. ಈಗ ಆ ಹೆಸರು ಯಾರಿಗೂ ಗೊತ್ತಿಲ್ಲ. ಕಡೇ ಕಾಡು ನನ್ನದು ನೋಡು. ಇಲ್ಲಿಗೆ ಬಂದ್ರೆ ಮೂರೂ ಮುದ್ರೆ ಆಯ್ತು, ವಲ್ಲಿ ತುಂಬ್ತು. ಆಮೇಲೆ ಬರೋಕೆ ಅವರಿಗೇನಿದೆ? ಎಲ್ಲಾರೂ ಇದೇ ಬೇಲಿ ಹತ್ರ ನಿಂತು ಹೋಗಿ ಬರ್ತೀವಿ ಅಂದ್ರು. ನಾನು ಪೆದ್ದ, ನಂಬಿದೆ. ದಾರಿ ಗುಡಿಸಿಟ್ಟು ಕಾದೆ. ಒಬ್ಬರೂ ಬರಲಿಲ್ಲ. ಬರ್ತೀನಿ ಅನ್ನೋ ಮಾತು ಕೇಳಿದ್ರೆ ಈಗ ಮೈ ಉರೀತದೆ. ಅದಕ್ಕೇ ಬರ್ತೀನಿ ಅನ್ನದವರನ್ನೇ ಹಿಡಿದಿಟ್ಟೆ. ಅವರಾದ್ರೂ ಸುಳ್ಳು ಹೇಳಲಿಲ್ಲ."

"ನಮ್ಮಕ್ಕನ್ನ ಬಿಡು. ನಾನು ಬರ್ತೀನಿ, ಮಾತು ಕೊಡ್ತೀನಿ."

ಮಂಚಯ್ಯ ನಕ್ಕ. ಆ ನಗುವಿನಲ್ಲಿ ನಗುವೇ ಇರಲಿಲ್ಲ. "ಬಂದು ತೋರಿಸು. ಅಕ್ಕನ್ನ ಇಲ್ಲೇ ಬಿಟ್ಟು ಮನೆಗೆ ಹೋಗು. ಆದ್ರೆ ಈ ಬೇಲಿ ದಾಟಿದವರಿಗೆ ಕಾಡೂ ಮರೆತುಹೋಗ್ತದೆ, ಕಾಡಲ್ಲಿರೋರೂ ಮರೆತುಹೋಗ್ತಾರೆ. ನಿಂಗೆ ಅಕ್ಕ ಇದ್ದಳು ಅನ್ನೋದೂ ನೆನಪಿರಲ್ಲ. ಅಷ್ಟಾದ ಮೇಲೂ ಬಂದ್ರೆ ಎಲ್ಲಾರನ್ನೂ ಬಿಡ್ತೀನಿ. ಇಲ್ಲ, ಕಷ್ಟ ಅಂದ್ರೆ ಇಲ್ಲೇ ಇರು. ನಿನ್ನನ್ನೂ ಜಿಂಕೆ ಮಾಡ್ತೀನಿ. ಅಕ್ಕನ ಪಕ್ಕದಲ್ಲೇ ಮೇಯ್ಕೊಂಡಿರಬಹುದು, ಒಂಟಿ ಅನ್ನಿಸಲ್ಲ."

ನಿಂಗಾಜಿ ಅಕ್ಕನ ಬೆನ್ನ ಮೇಲೆ ಕೈಯಿಟ್ಟಳು. ಜಿಂಕೆಯಾಗುವುದೇ ವಾಸಿ ಅಂತ ಅವಳಿಗೆ ಅನಿಸಿತು, ನಿಜವಾಗಿ ಅನಿಸಿತು. ಬೆಚ್ಚಗಿನ ಬೆನ್ನು ಅದು.

"ಇಬ್ಬರೂ ಇಲ್ಲೇ ಉಳಿದ್ರೆ ನಮಗೋಸ್ಕರ ಬರೋರು ಯಾರು?" ಅಂದಳು ಕೊನೆಗೆ. ಜಿಂಕೆಯ ನೀಲಿ ಕಿವಿಗೆ ಬಾಯಿಟ್ಟು ಹೇಳಿದಳು, "ಅಕ್ಕ, ಹೋಗಿ ಬರ್ತೀನಿ."

ಬೇಲಿ ದಾಟಿದಳು. ಎಲ್ಲ ಮರೆತುಹೋಯಿತು.

ಊರಿಗೆ ಬಂದವಳಿಗೆ ತನ್ನ ಹೆಗಲ ಮೇಲೆ ಮೂರು ಮುದ್ರೆಯ ವಲ್ಲಿ ಇರುವುದಷ್ಟೇ ಗೊತ್ತು. ಕೇರಿಯವರು ಬಂದು ನೋಡಿದರು, ಹೊಗಳಿದರು, ನೊಂದಾಳು ಅಂತ ಅಕ್ಕನ ಮಾತೆತ್ತದೆ ಎದ್ದುಹೋದರು. ವಲ್ಲಿ ತುಂಬಿದ್ದಕ್ಕೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅಡಿಗೆ ಮಾಡಿದರೆ ಅನ್ನ ಮಿಗುತ್ತಿತ್ತು. ಯಾಕೆ ಹೆಚ್ಚಿಗೆ ಹಾಕಿದೆ ಅಂತ ಅವಳಿಗೇ ತಿಳಿಯುತ್ತಿರಲಿಲ್ಲ. ಏನು ಕಳೆದಿದೆ ಅಂತ ಗೊತ್ತಿದ್ದರೆ ಹುಡುಕಬಹುದು, ಅವಳಿಗೆ ಅದೂ ಗೊತ್ತಿರಲಿಲ್ಲ. ಅದಕ್ಕಿಂತ ಒಂಟಿತನ ಇನ್ನೊಂದಿಲ್ಲ.

ಒಂದು ಬೆಳಿಗ್ಗೆ ನೀರು ತರಲು ಕೊಡ ಎತ್ತಿಕೊಂಡು ಹೊಸ್ತಿಲು ದಾಟುವಾಗ, ತನಗೇ ಗೊತ್ತಿಲ್ಲದೆ ಅಂದುಬಿಟ್ಟಳು.

"ಅಕ್ಕ, ಹೋಗಿ ಬರ್ತೀನಿ."

ಕಾಲು ಅಲ್ಲೇ ನಿಂತಿತು. ತಿರುಗಿ ನೋಡಿದಳು. ಖಾಲಿ ಮನೆ. ಯಾರಿಗೆ ಹೇಳಿದೆ ನಾನು? ಗೋಡೆಗೆ ಹೇಳಿದೆನಾ, ಬಾನಿಗೆ ಹೇಳಿದೆನಾ? ಎಷ್ಟು ಯೋಚಿಸಿದರೂ ಯಾವ ಮುಖವೂ ನೆನಪಾಗಲಿಲ್ಲ. ಆದರೆ ಒಂದಂತೂ ಖಾತ್ರಿಯಾಯಿತು, ಈ ಮಾತನ್ನು ಬಾಯಿ ಮೊನ್ನೆ ಮೊನ್ನೆ ಎಲ್ಲೋ ಆಡಿದೆ. ಗೂಟದಲ್ಲಿ ವಲ್ಲಿ ನೇತಾಡುತ್ತಿತ್ತು. ಎಲೆಯ ಮುದ್ರೆ ನೋಡಿದರೆ ಕರಿಯಜ್ಜ ನೆನಪಾದ, ಅಲೆಯ ಮುದ್ರೆಗೆ ಸಾಕವ್ವ ನೆನಪಾದಳು. ಕೆಂಪು ಗೊರಸಿನ ಮುದ್ರೆಗೆ ಯಾರೂ ನೆನಪಾಗಲಿಲ್ಲ.

"ಹಾಗಾದ್ರೆ ಅಲ್ಲೇ ಯಾರೋ ಕಾಯ್ತಿದ್ದಾರೆ," ಅಂದುಕೊಂಡಳು. ಕೊಡವನ್ನು ಹೊಸ್ತಿಲ ಮೇಲೇ ಇಟ್ಟು, ವಲ್ಲಿ ಹೊದ್ದು, ಗೊರಸು ಯಾವ ಕಾಡಿನದು ಅಂತ ದಾರಿಯುದ್ದಕ್ಕೂ ಕೇಳಿಕೊಂಡು ನಡೆದಳು. ಕೇಳಿದವರೆಲ್ಲ ಬೇಡ ತಾಯಿ ಅಂದರು. ಯಾರನ್ನು ನೋಡಲು ಹೋಗುತ್ತಿದ್ದೀಯ ಅಂದರೆ ಗೊರಸಿನ ಮುದ್ರೆ ತೋರಿಸಿ ಮುಂದೆ ನಡೆದಳು.

ಮುಳ್ಳುಬೇಲಿ ಸರಿಯಿತು. ಮತ್ತಿಮರದಡಿ ಮಂಚಯ್ಯ ತಲೆಯೆತ್ತಿದ. ಅವನ ಕೈಯಿಂದ ಅಚ್ಚು ಬಿದ್ದು ಉರುಳಿತು.

"ಮುದ್ರೆ ಆಗಲೇ ಇದೆಯಲ್ಲ ನಿನ್ನ ಹತ್ರ. ಮತ್ತೆ ಯಾಕೆ ಬಂದೆ?"

"ಗೊತ್ತಿಲ್ಲ. ಬರ್ತೀನಿ ಅಂದಿದ್ದೆ ಅಂತ ಕಾಣ್ತದೆ. ಅದಕ್ಕೇ ಬಂದೆ."

ಮಂಚಯ್ಯ ಮಗುವಿನ ಹಾಗೆ ಅತ್ತ. ಅವನ ಕಣ್ಣೀರು ಬಿದ್ದಲ್ಲಿ ಬೇಲಿಯ ಮುಳ್ಳು ಉದುರಿತು. ಜಿಂಕೆಗಳು ಒಂದೊಂದಾಗಿ ಎರಡು ಕಾಲಿನ ಮೇಲೆ ಎದ್ದು ನಿಂತವು. ನೀರುಗಾಡಿನ ಜೊಂಡೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡು ಮನುಷ್ಯರಾಯಿತು, ಬಿದಿರುಗಾಡಿನ ಹುಲಿ ಆಕಳಿಕೆಯ ಗೊಡವೆ ಬಿಟ್ಟು ತಾನೇ ಉದ್ದಕ್ಕೆ ಆಕಳಿಸಿತು. ನೀಲಿ ಕಿವಿಯ ಒಬ್ಬ ಹೆಂಗಸು ನಿಂಗಾಜಿಯ ಎದುರು ನಿಂತಿದ್ದಳು. ಆಗ ನಿಂಗಾಜಿಗೆ ಎಲ್ಲವೂ ನೆನಪಾಯಿತು, ಜಗಳವೂ ಸಮೇತ.

"ಬಂದ್ಯಾ," ಅಂದಳು ದೇವಾಜಿ.

"ಬಂದೆ."

ಜನ ಹೊರಟರು. ಬೇಲಿಯಿದ್ದ ಜಾಗದಲ್ಲಿ ಪ್ರತಿಯೊಬ್ಬರೂ ನಿಂತು, ತಿರುಗಿ, "ಮಂಚಯ್ಯ, ಹೋಗಿ ಬರ್ತೀವಿ," ಅಂದರು. ಕೆಲವರು ಆಮೇಲೆ ಬಂದರು, ಕೆಲವರು ಬರಲಿಲ್ಲ, ಮನುಷ್ಯರಲ್ಲವೆ. ಅಕ್ಕತಂಗಿಯರು ಮಾತ್ರ ವಲ್ಲಿಯನ್ನು ಮಡಿಸಿ ಅವನ ಮಡಿಲಲ್ಲಿಟ್ಟರು.

"ಇದು ಇಲ್ಲೇ ಇರಲಿ. ನೋಡೋಕೆ ಬರ್ತಿರ್ತೀವಿ," ಅಂದಳು ದೇವಾಜಿ. ಅದನ್ನು ಯಾರು ಹೊದೆಯಬೇಕು ಅನ್ನುವ ಮಾತು ಮತ್ತೆ ಬರಲಿಲ್ಲ. ಮಳೆ ನಿಂತಾಗಲೆಲ್ಲ ಇಬ್ಬರೂ ಹೋದರು, ಹೋಗುವಾಗ ಕರಿಯಜ್ಜನ ಮಾತು ಕೇಳಿ, ಸಾಕವ್ವನ ಪಕ್ಕ ಸುಮ್ಮನೆ ಕೂತು, ಮಂಚಯ್ಯನ ಜೊತೆ ಕಾಡು ಸುತ್ತಿ ಬಂದರು. ಪೊನ್ನಾವತಿಯಲ್ಲಿ ಎಲ್ಲರೂ ಚೆನ್ನಾಗಿದ್ದರು, ಮೊಲಗಳೂ.

ಅಂದು ಕಡೆಗಾಡಿನಿಂದ ಇಬ್ಬರೂ ಮನೆಗೆ ಬಂದಾಗ, ನಿಂಗಾಜಿ ಬಿಟ್ಟುಹೋಗಿದ್ದ ಕೊಡ ಇನ್ನೂ ಹೊಸ್ತಿಲ ಮೇಲೇ ಇತ್ತು. ಅವಳು ಅದನ್ನು ಸೊಂಟಕ್ಕೆ ಎತ್ತಿಕೊಂಡು ಬಾಗಿಲಲ್ಲಿ ನಿಂತಳು.

"ಅಕ್ಕ, ಹೋಗಿ ಬರ್ತೀನಿ."

"ಹೋಗಿ ಬಾ," ಅಂತ ಒಳಗಿನಿಂದ ದನಿ ಬಂತು.