ಗುಂಪಿಗೆ ಎದುರಾಗಿ ನಡೆದವಳು

ಸೋಮವಾರ ಬೆಳಿಗ್ಗೆ ಟೆಂಟ್ ಬಾಡಿಗೆಗೆ ಕೊಡುವ ಬಲಬೀರ್ ದೆಹಲಿಯ ರೋಹಿಣಿ ಬಡಾವಣೆಯ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ಕಬಡ್ಡಿ ಫೈನಲ್‌ನಲ್ಲಿ ದೆಹಲಿ ತಂಡ ಸೋತಿತ್ತು. ಪಾರ್ಕಿನ ದೊಡ್ಡ ಪರದೆಯ ಮೇಲೆ ಪಂದ್ಯ ನೋಡಿದ ಜನ ಬೀದಿಗಿಳಿದು ಬಸ್ಸು, ಅಂಗಡಿ ಯಾವುದನ್ನೂ ಬಿಡದೆ ಪುಡಿಮಾಡಿದ್ದರು. ಬಲಬೀರನ ಟೆಂಟೂ ಪರದೆಯೂ ಸುಟ್ಟು ಬೂದಿಯಾಗಿದ್ದವು. ಆಟಗಾರರು ಸೋತರೆ ಟೆಂಟಿನವನ ತಪ್ಪೇನು ಎಂದು ಅವನು ಅತ್ತ. ಇನ್‌ಸ್ಪೆಕ್ಟರ್ ಇಂದುಶೇಖರ ಎಫ್‌ಐಆರ್ ದಾಖಲಿಸಿಕೊಂಡರು.

ಸ್ಥಳ ಪಂಚನಾಮೆಯಲ್ಲಿ ಒಂದು ವಿಷಯ ಹೊಂದಲಿಲ್ಲ. ಟೆಂಟಿನ ಬೂದಿಯಲ್ಲಿ ಪೆಟ್ರೋಲ್ ವಾಸನೆಯಿತ್ತು, ಆದರೆ ಸುತ್ತ ಒಂದು ಕಲ್ಲೂ ಬಿದ್ದಿರಲಿಲ್ಲ. ಕಲ್ಲುಗಳೆಲ್ಲ ಎರಡು ಗಲ್ಲಿ ಆಚೆ, ಕೊನೆಯ ರೇಡ್‌ನಲ್ಲಿ ಸಿಕ್ಕಿಬಿದ್ದ ಆಟಗಾರ ಪೃಥ್ವಿಯ ಮನೆ ಮುಂದಿದ್ದವು. ಗಲಾಟೆಯ ಹೊತ್ತಿಗೆ ಒಳಗಿದ್ದವರು ಅವನ ತಾಯಿ ಸುಶೀಲಮ್ಮ ಒಬ್ಬರೇ.

“ಗೇಟ್ ಹತ್ತಿದ್ರು ಸರ್. ಇನ್ನೇನು ಬಾಗಿಲು ಮುರೀತಾರೆ ಅನ್ನೋವಾಗ ಪಾರ್ಕ್ ಕಡೆ ಬೆಂಕಿ ಕಾಣಿಸ್ತು, ಎಲ್ರೂ ಅತ್ತ ಓಡಿದ್ರು. ದೇವರೇ ಕಾಪಾಡಿದ,” ಎಂದರು ಆಕೆ.

ದೇವರು ಪೆಟ್ರೋಲ್ ಬಳಸುವುದಿಲ್ಲವೆಂದು ಇಂದುಶೇಖರರಿಗೆ ಗೊತ್ತಿತ್ತು.

ಹೆಡ್ ಕಾನ್‌ಸ್ಟೇಬಲ್ ಸರಳಾ ಔಷಧಿ ಅಂಗಡಿಯ ಸಿಸಿಟಿವಿ ದೃಶ್ಯ ತಂದರು. ಜನರೆಲ್ಲ ಪೃಥ್ವಿಯ ಮನೆಯತ್ತ ನುಗ್ಗುತ್ತಿದ್ದರು. ಒಬ್ಬ ಹೆಂಗಸು ಮಾತ್ರ ಬಾಟಲಿ ಹಿಡಿದು ಎದುರಾಗಿ ಪಾರ್ಕಿನ ಕಡೆ ನಡೆದಿದ್ದಳು. ಹಾಲಿನ ಬೂತಿನವನು ಗುರುತು ಹಿಡಿದ: “ಹಿಂದಿನ ಗಲ್ಲಿಯ ಮದರಾಸಿ ಮೇಡಂ, ಸಾಬ್.” ದೆಹಲಿಯಲ್ಲೇ ಹುಟ್ಟಿದ ಕನ್ನಡಿಗ ಇಂದುಶೇಖರರೂ ಜೀವಮಾನವಿಡೀ ಅದೇ ಹೆಸರು ಹೊತ್ತವರು.

ವಸಂತಿ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಠಾಣೆಗೆ ಕರೆತಂದಾಗ ಏನನ್ನೂ ಮುಚ್ಚಿಡಲಿಲ್ಲ.

“ಪೆಟ್ರೋಲ್?”

“ನನ್ನ ಸ್ಕೂಟರಿಂದ ತೆಗೆದೆ.”

“ಟೆಂಟ್ ಒಳಗೆ ಯಾರಾದ್ರೂ ಇದ್ದಿದ್ರೆ?”

“ಎರಡು ಸಲ ನೋಡಿದೆ ಸರ್.”

“ನಮಗೆ ಫೋನ್ ಮಾಡಬಹುದಿತ್ತು.”

“ಮಾಡಿದೆ. ಎಲ್ಲಾ ಕಡೆ ಗಲಾಟೆ, ಬರ್ತೀವಿ ಅಂದ್ರು.”

ಇಂದುಶೇಖರರು ಬೇಗನೆ ಮುಂದಿನ ಪ್ರಶ್ನೆಗೆ ಹೋದರು. “ಟೆಂಟಿನವನ ಹೊಟ್ಟೆಪಾಡು?”

“ಅದು ತಪ್ಪೇ. ಶಿಕ್ಷೆ ಆಗ್ಲಿ.”

“ಪೃಥ್ವಿ ನಿಮಗೇನಾಗಬೇಕು?”

“ಏನೂ ಇಲ್ಲ. ಮೊದ್ಲು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಲ್ಲಿ ಎದುರುಬದುರು ಮನೆ. ಸುಶೀಲಾ ಆಂಟಿ ಕೈಯಲ್ಲಿ ಎಷ್ಟು ಊಟ ಮಾಡಿದೀನೋ. ಅಪ್ಪ ರಿಟೈರಾದ್ರು, ಮನೆ ಖಾಲಿ ಮಾಡಿದ್ವಿ. ಅವನಿಗೆ ಹೇಳ್ಬೇಕು ಅಂದ್ಕೊಂಡಿದ್ದು ಹೇಳ್ಲೇ ಇಲ್ಲ.”

ಪೃಥ್ವಿ ರೋಹಿಣಿಯಲ್ಲಿದ್ದಾನೆಂದು ತಿಳಿದು ಅವಳೂ ಅಲ್ಲಿಗೇ ಬಾಡಿಗೆಗೆ ಬಂದಿದ್ದಳು. ಅವನು ಅಭ್ಯಾಸಕ್ಕೆ ಹೊರಡುವುದನ್ನು ಕಿಟಕಿಯಿಂದ ನೋಡಿದರೆ ಸಾಕೆಂದುಕೊಂಡಿದ್ದಳು. ಸಾಕಾಗುತ್ತಿರಲಿಲ್ಲ.

“ಒಂದು ಸಲವೂ ಬಾಗಿಲು ತಟ್ಟಲಿಲ್ವಾ?”

“ಗುರುತು ಸಿಗದೇ ಹೋದ್ರೆ ಏನ್ ಮಾಡ್ಲಿ ಸರ್?”

ಮಧ್ಯಾಹ್ನ ಪೃಥ್ವಿ ಹೇಳಿಕೆ ಕೊಡಲು ಬಂದ. ಮೊಣಕೈಗೆ ಪಟ್ಟಿ ಕಟ್ಟಿತ್ತು. ಬೆಂಚಿನ ಮೇಲಿದ್ದ ವಸಂತಿಯ ಕಾಲಿಗೆ ಅವನ ಬ್ಯಾಗು ತಾಗಿತು. “ಸಾರಿ ಜೀ,” ಎಂದು ದಾಟಿಹೋದ. ಅವಳು ಮುಖ ತಗ್ಗಿಸಲಿಲ್ಲ, ಅವನನ್ನೇ ನೋಡುತ್ತಿದ್ದಳು.

ಹೇಳಿಕೆ ಮುಗಿದ ಮೇಲೆ ಇಂದುಶೇಖರರಿಗೆ ತಡೆಯಲಾಗಲಿಲ್ಲ. “ಆ ಬೆಂಚಿನ ಮೇಲಿರೋರು ನಿಮಗೆ ಗೊತ್ತಾ?”

ಪೃಥ್ವಿ ತಿರುಗಿ ನೋಡಿದ. “ನಹೀ ಸರ್. ಯಾರು?”

ವಸಂತಿ ಬೇಡವೆಂಬಂತೆ ತಲೆಯಾಡಿಸಿದಳು. “ಬೇರೆ ವಿಚಾರ. ನೀವು ಹೊರಡಿ,” ಎಂದರು ಇಂದುಶೇಖರ.

ಕೃತ್ಯದ ಕಾರಣವೆಂದು ‘ನೆರೆಹೊರೆಯ ಹಿರಿಯ ಮಹಿಳೆಯ ಪ್ರಾಣರಕ್ಷಣೆ’ ಎಂದಷ್ಟೇ ಬರೆದು ಅವರು ಬಂಧನದ ಕಾಗದ ಮುಂದಿಟ್ಟರು.

“ನಿಮ್ಮನ್ನ ಅರೆಸ್ಟ್ ಮಾಡಿದ್ದು ಯಾರಿಗೆ ತಿಳಿಸ್ಬೇಕು? ನಿಮ್ಮವರೊಬ್ಬರ ಹೆಸರು ಹೇಳಿ.”

ವಸಂತಿ ಬಾಗಿಲ ಕಡೆ ನೋಡಿದಳು. ಪೃಥ್ವಿ ಮೆಟ್ಟಿಲಿಳಿಯುತ್ತಿದ್ದ. ಅವನು ಗೇಟು ದಾಟುವವರೆಗೂ ಅವಳು ನೋಡುತ್ತಲೇ ಇದ್ದಳು.

“ಯಾರೂ ಇಲ್ಲ ಸರ್,” ಎಂದಳು.