ಅರ್ಧ ಬಂದ ಫೋಟೋ

ನಾಲ್ಕು ಗಂಟೆಗೆ ಐದನೇ ಕೋಲ್ಡ್ ರೂಮಿನ ಬಾಗಿಲು ತೆರೆದಾಗ ಸೇಬಿನ ಕ್ರೇಟುಗಳ ನಡುವೆ ಹೆಂಗಸೊಬ್ಬಳು ಬಿದ್ದಿದ್ದಳು. ತಲೆಗೆ ಪೆಟ್ಟು. ತುಟಿ ನೀಲಿ. ಪಕ್ಕದಲ್ಲಿ ಅವಳ ಮೊಬೈಲು, ಬೂಟಿನಲ್ಲಿ ತುಳಿದು ಪುಡಿಪುಡಿ. ಚಿಲಕ ಹಾಕಿದ್ದು ಹೊರಗಿನಿಂದ.

ಉಸಿರಿತ್ತು. ಆಂಬುಲೆನ್ಸ್ ಒಯ್ದಿತು. ಇನ್ನೆರಡು ದಿನ ಮಾತು ಬರುವುದಿಲ್ಲ ಎಂದರು ಡಾಕ್ಟರು.

ಕಾನ್‌ಸ್ಟೇಬಲ್ ಜೊತೆ ಇನ್‌ಸ್ಪೆಕ್ಟರ್ ಬಂದಳು. ಬಾಯಿ ಕಡಿಮೆ, ಕಿವಿ ಜಾಸ್ತಿ ಎಂದು ಠಾಣೆಯಲ್ಲಿ ಅವಳ ಖ್ಯಾತಿ. ಅವಳು ಬರುವಷ್ಟರಲ್ಲಿ ಮ್ಯಾನೇಜರ್ ಅಪರಾಧಿಯನ್ನೇ ಹಿಡಿದು ಕೂರಿಸಿದ್ದ: ಗಾಯಾಳುವಿನ ನಾದಿನಿ.

"ಈ ಬಾಗಿಲ ಚಿಲಕ ಇವಳ ಡ್ಯೂಟಿ ಮೇಡಂ. ಇವಳ ಗ್ಲೌಸು ಇಲ್ಲೇ ಬಿದ್ದಿತ್ತು. ಬೆಳಿಗ್ಗೆ ಬಸ್ಸಲ್ಲಿ ಅತ್ತಿಗೆ ಜೊತೆ ಹಾವು ಮುಂಗುಸಿ ಹಾಗೆ ಕಚ್ಚಾಡಿದ್ಲು."

"ಛತ್ರಿ ಮರೆತು ಬಂದ್ಲು ಅಂತ ಬೈದೆ," ಎಂದಳು ನಾದಿನಿ. ಕಣ್ಣಲ್ಲಿ ನೀರಿರಲಿಲ್ಲ, ಕಿಡಿಯಿತ್ತು. "ಛತ್ರಿಗೆಲ್ಲ ಕೊಲೆ ಮಾಡೋದಾದ್ರೆ ನಮ್ಮನೇಲಿ ಒಬ್ರೂ ಉಳೀತಿರಲಿಲ್ಲ. ಗ್ಲೌಸು ಗೂಟದಲ್ಲಿ ನೇತಾಡ್ತಿರುತ್ತೆ, ಯಾರು ಬೇಕಾದ್ರೂ ತಗೋಬಹುದು. ನಾನು ಹಣ್ಣು ವಿಂಗಡಿಸ್ತಿದ್ದೆ. ನಲವತ್ತು ಜನ ನೋಡಿದಾರೆ."

"ನಲವತ್ತೂ ಒಂದೇ ಮರದ ಕಾಗೆಗಳು!" ಎಂದ ಮ್ಯಾನೇಜರ್. " ಬಾಗಿಲ ಹಿಡಿ ಫೋಟೋ ತೆಗೆಯೋ ಹುಚ್ಚಿಗೆ ಅತ್ತಿಗೆ ಒಳಗೆ ಹೋದ್ಲು, ಇವಳು ಚಿಲಕ ಜಡಿದ್ಲು. ನಾನಂತೂ ಎರಡು ಗಂಟೆಯಿಂದ ಗೇಟಿನ ಆಫೀಸಲ್ಲೇ ಇದ್ದೆ. ಇವಳನ್ನ ಕರ್ಕೊಂಡು ಹೋಗಿ, ಕಥೆ ಮುಗಿಯುತ್ತೆ."

ಇನ್‌ಸ್ಪೆಕ್ಟರ್ ತಲೆಯಾಡಿಸಿದಳು. ಅವನನ್ನು ಗೇಟಿನ ಆಫೀಸಿಗೇ ಕಳಿಸಿದಳು.

* * *

ಬಾಗಿಲ ಒಳಮೈಯಲ್ಲಿ ಹಿಡಿ ಇರಬೇಕಾದ ಕಡೆ ಬರೀ ತೂತು.

"ಮುರಿದು ಮೂರು ತಿಂಗಳಾಯ್ತು," ಎಂದಳು ನಾದಿನಿ. "ಸರಿ ಮಾಡಿಸಿದೀನಿ ಅಂತ ಆ ಮ್ಯಾನೇಜರ್ ಮಹಾನುಭಾವ ಪುಸ್ತಕದಲ್ಲಿ ಸಹಿ ಹಾಕಿದಾನೆ. ನಾಳೆ ತಪಾಸಣೆಯವ್ರು ಬರ್ತಾರೆ. ಫೋಟೋ ತೋರಿಸೇ ತೋರಿಸ್ತೀನಿ ಅಂತ ಅತ್ತಿಗೆ ಹಟ ಹಿಡಿದಿದ್ಲು."

"ಯಾರಿಗೆ ಹೇಳಿದ್ಲು?"

"ಬಾಯಲ್ಲಿ ಯಾರಿಗೂ ಇಲ್ಲ. ಊಟದ ಹೊತ್ತಲ್ಲಿ, ನಾವು ಕೆಲಸದವ್ರೇ ಇಟ್ಕೊಂಡಿರೋ ಆ್ಯಪಲ್ಲಿ ಹಾಕಿದ್ಲು. ಇಲ್ಲಿ ಟವರ್ ಸಿಗಲ್ಲ ಮೇಡಂ. ಮೊಬೈಲಿಂದ ಮೊಬೈಲಿಗೇ ದಾಟಿಸ್ತೀವಿ, ಬೆಂಕಿ ಬಿದ್ದಾಗ ಕೈಯಿಂದ ಕೈಗೆ ಬಕೆಟ್ ಕೊಡಲ್ವಾ, ಹಾಗೆ. ಹತ್ತಿರ ಯಾರ ಹತ್ರ ಆ್ಯಪ್ ಇದ್ರೂ ತಾನಾಗೇ ಹೋಗುತ್ತೆ. ಗಂಟೆ ಹೊಡೆದ ಮೇಲೆ ಎಲ್ಲಾ ಮೊಬೈಲೂ ಲಾಕರಿಗೆ. ಅತ್ತಿಗೆ ಮಾತ್ರ ಇವತ್ತು ಸಾಕ್ಸಿನೊಳಗೆ ತುರುಕಿಕೊಂಡಿದ್ಲು."

"ಬರೀ ಇಸ್ಕೊಂಡು, ಮುಂದಕ್ಕೆ ಕೊಡದೇ ಇರೋಕಾಗುತ್ತಾ?"

"ಆಗಲ್ಲ. ಇಸ್ಕೊಂಡ ಮೊಬೈಲು ಕೊಡಲೇಬೇಕು."

"ಈ ಬಾಗಿಲು ಮುಚ್ಚಿದ್ರೆ?"

"ಉಕ್ಕಿನ ಬಾಗಿಲು. ಏನೂ ದಾಟಲ್ಲ."

ಇನ್‌ಸ್ಪೆಕ್ಟರ್ ಆ ತೂತಿನೊಳಗೆ ಬೆರಳಿಟ್ಟು ನೋಡಿದಳು. ಆಮೇಲೆ ಹೇಳಿದಳು: "ಲಾಕರು ತೆಗೆಸು."

* * *

ಪ್ಯಾಕಿಂಗ್ ಮೇಜಿನ ಮೇಲೆ ಮೊಬೈಲುಗಳು ಸಾಲಾಗಿ ಕೂತವು, ಸುತ್ತ ಕೆಲಸದವರು ನಿಂತರು. ಆ್ಯಪ್ ತೆರೆದೇ ಇತ್ತು. ಊಟದ ಹೊತ್ತಿನ ಮಾತುಗಳೆಲ್ಲ ಇದ್ದವು. ಫೋಟೋ ಯಾವುದರಲ್ಲೂ ಇರಲಿಲ್ಲ.

ಹೇಳಿಕೆಗೆ ಸಹಿ ಬೇಕೆಂದು ಮ್ಯಾನೇಜರನ್ನು ಕರೆಸಿದರು. ಅವನು ಪೆನ್ನು ಹಿಡಿದೇ ಬಂದ.

ಟಿಣ್.

ಮೇಜಿನ ತುದಿಯ ಮೊಬೈಲು ಬೆಳಗಿತು. ಅದರ ಪಕ್ಕದ್ದು. ಅದರಾಚೆಯದು. ನೋಡನೋಡುತ್ತ ಇಡೀ ಸಾಲು ದೀಪ ಹಚ್ಚಿದಂತಾಯಿತು. ನಾದಿನಿ ಒಂದನ್ನು ಎತ್ತಿ ಹಿಡಿದಳು. ಬಾಗಿಲು, ಬಾಗಿಲಲ್ಲಿ ತೂತು, ಅದರ ಕೆಳಗೆ ಬರೀ ಬೂದು ಬಣ್ಣ. ಅರ್ಧ ಫೋಟೋ. ಸಮಯ ಮೂರು ಹತ್ತು.

ಮ್ಯಾನೇಜರನ ಕೈ ಜೇಬಿಗೆ ಹೋಯಿತು. ಕಾನ್‌ಸ್ಟೇಬಲ್ ಕೈ ಅದಕ್ಕಿಂತ ಮೊದಲೇ ಹೋಗಿತ್ತು.

"ಅದು... ಹೇಗೋ ಬಂದಿರಬಹುದು!"

"ಹೇಗೋ ಬರಲ್ಲ," ಎಂದಳು ಇನ್‌ಸ್ಪೆಕ್ಟರ್. "ಹಿಡಿ ಫೋಟೋ ಅಂದ್ರಿ. ಆ ಮಾತು ಆ್ಯಪಲ್ಲಿ ಬಿಟ್ರೆ ಎಲ್ಲೂ ಇರಲಿಲ್ಲ. ಅಂದ್ರೆ ನೀವೂ ಕಳ್ಳ ಹೆಸರಲ್ಲಿ ಸೇರಿಕೊಂಡು ಇವರ ಮಾತು ಓದ್ತಿದ್ರಿ. ಕದ್ದು ಕೇಳೋಕೆ ಹೋದವರು ಇವರ ಹಮಾಲಿನೂ ಆದ್ರಿ. ಫೋಟೋ ತೆಗೆದಿದ್ದು ಉಕ್ಕಿನ ಬಾಗಿಲ ಒಳಗೆ. ದಾಟಿದ್ರೆ ಒಳಗೇ ಇದ್ದ ಇನ್ನೊಂದು ಮೊಬೈಲಿಗೆ ದಾಟಬೇಕು. ಉಳಿದವೆಲ್ಲ ಲಾಕರಲ್ಲಿದ್ವು. ನೀವು ಹಿಂದೇನೇ ಹೋದ್ರಿ, ತಳ್ಳಿದ್ರಿ. ಅಷ್ಟರಲ್ಲಿ ಫೋಟೋ ನಿಮ್ಮ ಜೇಬಿಗೆ ಇಳೀತಿತ್ತು. ಅವಳ ಮೊಬೈಲು ತುಳಿದ ಕ್ಷಣಕ್ಕೆ ನಿಂತುಹೋಯ್ತು. ಅದಕ್ಕೇ ಅರ್ಧ."

"ಅಳಿಸಿ ಹಾಕ್ರೋ!" ಮ್ಯಾನೇಜರ್ ಕಿರುಚಿದ. "ಅಳಿಸದವರಿಗೆ ನಾಳೆಯಿಂದ ಕೆಲಸ ಇಲ್ಲ!"

ಯಾರೂ ಅಲುಗಲಿಲ್ಲ. ಮುದುಕ ಲೋಡರೊಬ್ಬ ತನ್ನ ಮೊಬೈಲನ್ನು ಒರೆಸಿ ಜೇಬಿಗಿಳಿಸಿದ. "ಇಷ್ಟೂ ತುಳಿಯೋಕೆ ಎಷ್ಟು ಜೊತೆ ಬೂಟು ತಂದಿದೀಯಪ್ಪಾ?"

* * *

ಜೀಪು ಹೊರಡುವ ಹೊತ್ತಿಗೆ ಮಾಲೀಕ ಬಂದ. ಗಂಟೆ ಹೊಡೆಸಿದ. ಕೆಲಸಕ್ಕೆ ಯಾರೂ ಏಳಲಿಲ್ಲ. ಎಲ್ಲರೂ ಐದನೇ ಬಾಗಿಲ ಮುಂದೆ ಕೂತಿದ್ದರು. ಹೊಸ್ತಿಲ ಮೇಲೆ ನಾದಿನಿ.

"ಬಾಗಿಲು ಹಾಕ್ರಮ್ಮ, ಹಣ್ಣು ಕೊಳೆಯುತ್ತೆ!"

"ಒಳಗಡೆ ಹಿಡಿ ಹಾಕಿಸಿ. ಆಮೇಲೆ ಬಾಗಿಲು."

"ಅದಕ್ಕೆ ಒಂದು ವಾರ ಬೇಕು."

"ಆಗಲಿ. ಕೊಳೆಯೋದು ಹಣ್ಣು ತಾನೇ?"

ಇನ್‌ಸ್ಪೆಕ್ಟರ್ ಜೀಪಿನಿಂದ ಕೂಗಿದಳು: "ಆಸ್ಪತ್ರೆ ಕಡೆ ಹೋಗ್ತಿದೀನಿ. ಬರ್ತೀಯೇನಮ್ಮಾ?"

ನಾದಿನಿ ಹೊಸ್ತಿಲು ನೋಡಿದಳು, ಮಾಲೀಕನನ್ನು ನೋಡಿದಳು. ಏಳಲಿಲ್ಲ.

ವಿಂಗಡಿಸುವ ಹೆಂಗಸೊಬ್ಬಳು ಬಂದು ಅವಳ ಭುಜ ತಟ್ಟಿದಳು. "ನಡಿ, ನಿನ್ನ ಅತ್ತಿಗೆ ಕಾಯ್ತಿರ್ತಾಳೆ. ಇಲ್ಲಿ ನಾನು ಕೂರ್ತೀನಿ. ನಾನು ಎದ್ರೆ ಇನ್ನೊಬ್ಳು."

ಅವಳು ಎದ್ದಳು. ಇವಳು ಕೂತಳು. ಬಾಗಿಲು ತೆರೆದೇ ಇತ್ತು.