ರಾಫ್ಟು ಇಳಿಯದ ಮಂಗಳವಾರ

ಮಂಗಳವಾರ ಬೆಳಗ್ಗೆ 6.20ಕ್ಕೆ ನದಿದಂಡೆಯ ಠಾಣೆಗೆ ಬಂದ ದೂರು ಚಿಕ್ಕದು: ಐದು ದಿನದ ಪ್ರವಾಸಕ್ಕೆ ಹೊರಡಬೇಕಿದ್ದ ಮೂರು ರಾಫ್ಟುಗಳ ಹನ್ನೆರಡು ಗಾಳಿ ವಾಲ್ವುಗಳು ಕಳುವಾಗಿವೆ. ದೂರು ತಂದವನು ರಾಫ್ಟಿಂಗ್ ಕಂಪನಿಯ ಮಾಲೀಕ.

"ಎಂಟು ಗಂಟೆಗೆ ನೀರಿಗಿಳೀಬೇಕು ಮೇಡಂ. ಹೊರದೇಶದಿಂದ ಬಂದ ಎಂಟು ಜನ ಲೈಫ್ ಜಾಕೆಟ್ ಹಾಕ್ಕೊಂಡು ಕೂತಿದ್ದಾರೆ."

"ಬೇರೆ ವಾಲ್ವು ಇಲ್ವಾ?"

"ಪೇಟೆಯಿಂದ ಬರಬೇಕು. ಎರಡು ದಿನ ಆಗುತ್ತೆ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು 6.55ಕ್ಕೆ ಸ್ಥಳ ತಲುಪಿದಳು. ಆಕೆ ಈ ಠಾಣೆಗೆ ಬಂದು ಮೂರು ತಿಂಗಳು. ಅವನು ಒಂಬತ್ತು ವರ್ಷದಿಂದ ಇಲ್ಲೇ.

ಗಾಳಿ ಬಿಟ್ಟ ರಾಫ್ಟುಗಳು ಮರಳಿನ ಮೇಲೆ ಚಪ್ಪಟೆಯಾಗಿ ಬಿದ್ದಿದ್ದವು. ಪ್ರವಾಸಿಗಳಲ್ಲಿ ಹಿರಿಯಳು, ಬಿಳಿ ತಲೆಯವಳು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಮಾತನ್ನೂ ಅವಳಿಗೆ ಆಡಿದ್ದನ್ನೂ ಪ್ರವಾಸದ ಅಡುಗೆಯವನು ಅನುವಾದಿಸುತ್ತಿದ್ದ.

"ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು ನಾನು. ಒಮ್ಮೆಯಾದರೂ ಸ್ಟಿಯರಿಂಗ್ ಇಲ್ಲದ ಗಾಡೀಲಿ ಹೋಗೋಣ ಅಂತ ಎರಡು ವಿಮಾನ ಬದಲಿಸಿ ಬಂದೆ. ಇಲ್ಲಿ ನೋಡಿದ್ರೆ ಮೊದಲೇ ಪಂಚರು!"

"ಪಂಚರಲ್ಲ ತಾಯಿ" ಎಂದು ಇನ್‌ಸ್ಪೆಕ್ಟರ್ ಬಗ್ಗಿದಳು. ವಾಲ್ವು ಕಿತ್ತ ಒಂದೊಂದು ತೂತಿಗೂ ಮೇಣ ಹಚ್ಚಿದ ಬಟ್ಟೆಯ ಬಿರಡೆ. ಬಟ್ಟೆಯ ಮೇಲೆ ತೆಳ್ಳಗೆ ಬಿಳಿ ಪೌಡರು.

"ಏನ್ರೀ ಇದು?"

"ಮರಳು ಹೊಕ್ಕರೆ ಒಳಗಿನ ರಬ್ಬರು ಸವೆಯುತ್ತೆ ಮೇಡಂ. ರಿಪೇರಿಯವರು ಹೀಗೇ ಮುಚ್ಚೋದು" ಎಂದ ಹೆಡ್ ಕಾನ್‌ಸ್ಟೇಬಲ್. "ಪೌಡರು ಪ್ಯಾಚು ಅಂಟಿಸೋವಾಗ ಬಳಸ್ತಾರೆ."

"ಕಳ್ಳನಿಗೆ ರಾಫ್ಟಿನ ಮೇಲೆ ಇಷ್ಟು ಅಕ್ಕರೆ ಯಾಕ್ರೀ?"

ಅವನು ಬಿರಡೆಗಳನ್ನು ಎಣಿಸತೊಡಗಿದ.

ದಂಡೆಯಲ್ಲಿ ನೀರಳೆಯುವ ಕಂಬವಿತ್ತು. ಅಪಾಯದ ಕೆಂಪು ಗೆರೆ ಎಲ್ಲೂ ಕಾಣಲಿಲ್ಲ, ಮುಳುಗಿತ್ತು. "ಅದೆಲ್ಲ ಅಂದಾಜು ಮೇಡಂ" ಎಂದ ಮಾಲೀಕ. "ನೀರು ಹೆಚ್ಚಿದಷ್ಟೂ ನೊರೆ ಹೆಚ್ಚು, ಜನಕ್ಕೆ ಅದೇ ಬೇಕು."

ಅಷ್ಟರಲ್ಲಿ ಮುಖ್ಯ ಗೈಡ್ ಹೆಲ್ಮೆಟ್ ಕಳಚಿ ಮುಂದೆ ಬಂದಳು. ಇಪ್ಪತ್ತೈದರ ಆಸುಪಾಸು, ಹುಟ್ಟಿನಿಂದ ಹೊಳೆ ಬಲ್ಲವಳು.

"ನಾನೇ ತೆಗೆದಿದ್ದು. ಕೋಳ ಹಾಕಿ."

"ಎಲ್ಲಿವೆ?"

"ಹೊಳೆಗೆ ಎಸೆದೆ."

"ವಾಲ್ವು ಬಿಚ್ಚೋ ಸ್ಪ್ಯಾನರು ರಿಪೇರಿ ಶೆಡ್ಡಿನ ಬೀಗದೊಳಗಿತ್ತು ಅಂತ ದೂರಿನಲ್ಲೇ ಇದೆ. ಬೀಗದ ಕೈ ತೋರಿಸು."

ಅವಳ ಕೈ ಜೇಬಿಗೆ ಹೋಗಿ ಬರಿದೇ ಹೊರಬಂತು.

"ಯಾರನ್ನ ಉಳಿಸೋಕೆ ನೋಡ್ತಿದ್ದೀಯಮ್ಮ?"

"ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ" ಎಂದು ರಿಪೇರಿ ಶೆಡ್ಡಿನಿಂದ ದನಿ ಬಂತು. "ಇವರ ಮನೆತನಕ್ಕೇ ಆ ವಿದ್ಯೆ ಇಲ್ಲ. ಇಲ್ಲಿ ಬನ್ನಿ."

ಅವಳು ಪ್ಯಾಚಕ್ಕ. ರಾಫ್ಟುಗಳಿಗೆ ತೇಪೆ ಹಾಕುವವಳು, ಗೈಡ್ ಹುಡುಗಿಯ ಅತ್ತಿಗೆ. ಅಂಟು ಕಟ್ಟಿ ಒರಟಾದ ಬೆರಳುಗಳಿಂದ ಪೌಡರು ಡಬ್ಬಿಯ ಮುಚ್ಚಳ ತೆರೆದಳು. ಹನ್ನೆರಡೂ ವಾಲ್ವುಗಳು ಒರೆಸಿ, ಪೌಡರು ಹಚ್ಚಿ, ಒಳಗಿದ್ದವು. ಗಂಟೆ 7.30.

"ಯಾಕೆ?"

"ಇವಳು ಹೋಗಬಾರದು ಅಂತ. ನೀರು ಜಾಸ್ತಿ ಇದೆ, ಹೋಗಲ್ಲ ಅಂದಿದ್ದಕ್ಕೆ ಸೀಸನ್ ಪೂರ್ತಿ ಕೆಲಸ ಇಲ್ಲ ಅಂದ ಈ ದೊರೆ. ಹೋದ ವರ್ಷವೂ ಇಷ್ಟೇ ನೀರು. ಪ್ರವಾಸದ ಮೂರನೇ ದಿನ ಸಿಗೋ ಕಮರಿಯಲ್ಲಿ ನನ್ನ ಗಂಡ ಹೋದ, ಇವಳ ಅಣ್ಣ. 'ಸ್ವಂತ ಅಜಾಗರೂಕತೆ' ಅಂತ ಬರೆದು ಫೈಲು ಮುಚ್ಚಿದರು. ಇಪ್ಪತ್ತು ವರ್ಷ ಗೈಡ್ ಆಗಿ ಮಂದಿಗೆಲ್ಲ ಜಾಗರೂಕತೆ ಕಲಿಸಿದವನಿಗೆ!"

"ಬರೆದವರು ಯಾರು?"

"ನಾನು ಮೇಡಂ." ಹೆಡ್ ಕಾನ್‌ಸ್ಟೇಬಲ್‌ನ ದನಿ ಇಳಿದಿತ್ತು. "ನೀರಿನ ಮಟ್ಟ ಬರೆಯೋ ರಿಜಿಸ್ಟರು ಕಳೆದಿದೆ ಅಂತ ಕಂಪನಿಯವರು ಅಂದರು. ಕಂಬ ಅಲ್ಲೇ ಇತ್ತು. ನಾನು ಇಳಿದು ನೋಡಲಿಲ್ಲ."

ಗೈಡ್ ಅತ್ತಿಗೆಯ ತೋಳು ಹಿಡಿದಳು. "ನನಗೊಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ಹೇಳಿದ್ದರೆ ಸ್ಪ್ಯಾನರು ನೀನೇ ಹಿಡೀತಿದ್ದೆ. ಇಬ್ಬರೂ ಒಳಗೆ ಹೋದರೆ ಅತ್ತೆಗೆ ಮಾತ್ರೆ ಕೊಡೋರು ಯಾರು, ನಿನ್ನ ಕಂಪನಿಯಾ?"

ಮಾಲೀಕ ಡಬ್ಬಿಗೆ ಕೈಚಾಚಿದ. "ಸಿಕ್ಕವಲ್ಲ, ಕೊಡಿ ಮೇಡಂ. ಇನ್ನೂ ಅರ್ಧ ಗಂಟೆ ಇದೆ."

"ಮುಟ್ಟಬೇಡಿ. ಇವು ಈಗ ಕೇಸಿನ ಮುದ್ದೆಮಾಲು. ಕೋರ್ಟಿನ ಅಪ್ಪಣೆ ಇಲ್ಲದೆ ಒಂದೂ ಹೊರಗೆ ಹೋಗಲ್ಲ."

"ಅಯ್ಯೋ, ದೂರು ಕೊಟ್ಟವನೇ ನಾನು!"

"ಅದಕ್ಕೇ. ನೀವು ಕೇಳಿದ್ದು ಕಾನೂನು ಕ್ರಮ ತಾನೇ? ತಗೊಳ್ತಿದ್ದೀನಿ. ಹೋದ ವರ್ಷದ ಫೈಲನ್ನೂ ತೆಗೆಸ್ತೀನಿ."

ಪಂಚನಾಮೆಗೆ ಪ್ರವಾಸದ ಅಡುಗೆಯವನೂ ಬಸ್ಸಿನಾಕೆಯೂ ಪಂಚರಾದರು. ಹೆಡ್ ಕಾನ್‌ಸ್ಟೇಬಲ್ ಬರೆದು ಓದಿದ. ಬಸ್ಸಿನಾಕೆ ಪೆನ್ನು ಮುಟ್ಟಲಿಲ್ಲ.

"ನೀರು ಎಷ್ಟಿದೆ ಅಂತ ಬರೆದಿಲ್ವಲ್ಲ? ರಸ್ತೆ ಹೇಗಿತ್ತು ಅಂತ ಬರೆಯದೆ ಅಪಘಾತದ ವರದಿಗೆ ನಾನು ಯಾವತ್ತೂ ಸಹಿ ಹಾಕಿದವಳಲ್ಲ."

ಹೆಡ್ ಕಾನ್‌ಸ್ಟೇಬಲ್ ಬೂಟು ಬಿಚ್ಚಿ, ಹಗ್ಗ ಕಟ್ಟಿಕೊಂಡು ಮೊಣಕಾಲುದ್ದದ ನೀರಿಗಿಳಿದು ಕಂಬದ ಅಂಕಿ ಓದಿದ. ಕೆಂಪು ಗೆರೆಗಿಂತ ಮೂವತ್ತನಾಲ್ಕು ಸೆಂಟಿಮೀಟರು ಮೇಲೆ. ಒದ್ದೆ ಕೈಯಲ್ಲೇ ಬರೆದ. ಆಕೆ ತನ್ನ ದೇಶದ ಲಿಪಿಯಲ್ಲಿ ಸಹಿ ಮಾಡಿದಳು.

8.40ಕ್ಕೆ ಪ್ಯಾಚಕ್ಕನ ಬಂಧನ. ಕೋಳ ಹಾಕಲಿಲ್ಲ. ಜೀಪಿನ ಬಾಗಿಲಲ್ಲಿ ಬಸ್ಸಿನಾಕೆ ಅಡ್ಡ ನಿಂತಳು.

"ನಿನ್ನ ಮೇಲೆ ನನಗೆ ಕೋಪ ಇದೆ ಕಣಮ್ಮ. ಎಷ್ಟು ವರ್ಷದ ಆಸೆ ಗೊತ್ತಾ?"

"ಇರಲಿ ತಾಯಿ" ಎಂದಳು ಪ್ಯಾಚಕ್ಕ. "ಕೋಪ ಮಾಡ್ಕೊಳ್ಳೋಕೆ ನೀವು ಇದ್ದೀರಲ್ಲ, ನನಗಷ್ಟು ಸಾಕು."

ಬಸ್ಸಿನಾಕೆ ಪಕ್ಕಕ್ಕೆ ಸರಿದು, ಅವಳನ್ನು ಕೈಹಿಡಿದು ಜೀಪು ಹತ್ತಿಸಿದಳು.

9.15ಕ್ಕೆ ಠಾಣೆಯಲ್ಲಿ ದಾಖಲಾದ ಹೇಳಿಕೆಯಲ್ಲಿ ಕೃತ್ಯದ ಕಾರಣ ಹೀಗಿದೆ: "ಹೋದ ವರ್ಷ ದಂಡೆಯಲ್ಲಿ ನಾಲ್ಕು ದಿನ ಕೂತು ಗಂಡನ ಹೆಣಕ್ಕೆ ಕಾದಿದ್ದೇನೆ. ನಾದಿನಿಗಾಗಿ ಹಾಗೆ ಕಾಯುವುದು ನನ್ನಿಂದಾಗದು."